ರಂಜಿತ ಹೊಳೆ ದಾಟಿಸಿದ್ದು

ಬಂಡೆ ಬಡಿದ ಸದ್ದು ಕೇಳಿಸುವ ಮೊದಲೇ ಕೀರ್ತನಳ ಪಾದಕ್ಕೆ ತಣ್ಣಗೆ ನೀರು ತಾಕಿತು. ಮರುಕ್ಷಣ ಪುಟ್ಟತಾಯಮ್ಮನ ಕೈಯಲ್ಲಿದ್ದ ಹುಟ್ಟು ಎಗರಿ ಹೊಳೆಗೆ ಬಿತ್ತು. ಹರಿಗೋಲು ಗಿರಗಿರನೆ ತಿರುಗಿ, ಅವರು ಆಗಷ್ಟೇ ಬಿಟ್ಟುಬಂದಿದ್ದ ನಡುಗಡ್ಡೆಗೇ ವಾಪಸು ಹೋಗಿ ಜೊಂಡಿನಲ್ಲಿ ಸಿಕ್ಕಿಕೊಂಡಿತು.

"ಇಳೀರಮ್ಮಿ, ಬಿರ್‌ಬಿರ್ನೆ ಇಳೀರಿ!"

ಹುಡುಗಿಯರಿಬ್ಬರೂ ಹಾರಿದರು. ಕೊನೆಗೆ ಇಳಿದ ಪುಟ್ಟತಾಯಮ್ಮನ ಕಾಲು ಕಲ್ಲುಗಳ ಸಂದಿಗೆ ಸಿಕ್ಕಿ ಹೊರಳಿತು. ಅವಳು ಹಲ್ಲು ಕಚ್ಚಿ ಅಲ್ಲೇ ಕುಸಿದಳು. ಸೊಂಟದಲ್ಲಿದ್ದ ಫೋನು ನೀರು ಕುಡಿದು ಸತ್ತಿತ್ತು.

ಗಂಜಾಂ ಊರಿನಲ್ಲಿ ಹೊಳೆಗೆ ಹರಿಗೋಲು ಇಳಿಸುವ ಹೆಂಗಸೆಂದರೆ ಪುಟ್ಟತಾಯಮ್ಮ ಒಬ್ಬಳೇ. ಹಸುಗಳ ಹುಲ್ಲಿಗಾಗಿ ಈ ನಡುಗಡ್ಡೆಗೆ ಅವಳು ಬರುತ್ತಿದ್ದುದು ಇಂದು ನಿನ್ನೆಯಿಂದಲ್ಲ. ಮೊಮ್ಮಗಳು ರಂಜಿತ ಏಳನೇ ಕ್ಲಾಸಿಗೆ ಬಂದಿದ್ದರೂ ಹುಟ್ಟು ಮುಟ್ಟಲು ಬಿಟ್ಟಿರಲಿಲ್ಲ. "ಒಳೆ ಅಂದ್ರೆ ಆಟದ ಸಾಮಾನಾ?" ಎಂದು ಕೈಮೇಲೆ ಹೊಡೆಯುತ್ತಿದ್ದಳು. ಅಂದು ಭಾನುವಾರವಾದ್ದರಿಂದ ರಂಜಿತಳ ಗೆಳತಿ, ಬಡಗಿ ಮೌನೇಶನ ಮಗಳು ಕೀರ್ತನಳೂ ಜೊತೆಗೆ ಬಂದಿದ್ದಳು. ಅವಳಿಗೆ ಈಜು ಬರುತ್ತಿರಲಿಲ್ಲ.

ಕೊಡಗಿನ ಮಳೆಗೆ ಹೊಳೆ ಬೆಳಗಿನಿಂದ ಕೆಂಪಾಗಿತ್ತು. ಆಗತಾನೇ ಕಾಲಿಟ್ಟು ಹತ್ತಿದ ಕಲ್ಲು ನೋಡನೋಡುತ್ತಲೇ ಮುಳುಗಿತು. ಆಚೆ ದಡದಲ್ಲಿ ಯಾರೋ ಒಬ್ಬ ಎತ್ತು ತೊಳೆಯುತ್ತಿದ್ದ. ಹುಡುಗಿಯರು ಗಂಟಲು ಹರಿಯುವಂತೆ ಕೂಗಿ ಕೈ ಬೀಸಿದರು. ಅವನೂ ಖುಷಿಯಾಗಿ ಕೈ ಬೀಸಿ, ಎತ್ತು ಹೊಡೆದುಕೊಂಡು ಹೊರಟುಹೋದ.

"ಅವ್ನಿಗೇನ್ ಗೊತ್ತು, ನಾವ್ ಮಾತಾಡಿಸ್ತಾ ಇದ್ದೀವಿ ಅನ್ಕೊಂಡ" ಎಂದಳು ರಂಜಿತ. ನಗು ಬರಬೇಕಿತ್ತು, ಬರಲಿಲ್ಲ.

ಕೀರ್ತನ ಅಳುತ್ತಲೇ ಹರಿಗೋಲಿನ ತಳ ತಡವಿ ನೋಡಿದಳು. ಬಿದಿರಿನ ಹೆಣಿಗೆ ಗಟ್ಟಿಯಾಗಿಯೇ ಇತ್ತು; ಮೇಲೆ ಹೊದಿಸಿದ್ದ ದಪ್ಪ ಪ್ಲಾಸ್ಟಿಕ್ಕು ಮಾತ್ರ ಮೊಳದುದ್ದ ಬಾಯಿ ಬಿಟ್ಟಿತ್ತು. ಅವಳು ಕಣ್ಣೊರೆಸಿಕೊಂಡು ತನ್ನ ರೈನ್‌ಕೋಟು ಬಿಚ್ಚಿದಳು.

"ಅಜ್ಜಿ, ಕುಡ್ಲು ಕೊಡಿ. ಒಲಿಯಣ."

ಹುಡುಗಿಯರಿಬ್ಬರೂ ಸೇರಿ ಹರಿಗೋಲನ್ನು ಬೋರಲು ಹಾಕಿದರು. ಪುಟ್ಟತಾಯಮ್ಮ ಕೂತಲ್ಲೇ ಹುಲ್ಲು ಕಟ್ಟುವ ನೈಲಾನ್ ಹಗ್ಗವನ್ನು ಎಳೆಎಳೆಯಾಗಿ ಬಿಡಿಸಿದಳು. ರಂಜಿತ ರೈನ್‌ಕೋಟನ್ನು ನಾಲ್ಕು ಮಡಿಕೆ ಮಾಡಿ ಹರಿದ ಜಾಗದ ಮೇಲೆ ಬಿಗಿಯಾಗಿ ಒತ್ತಿ ಹಿಡಿದಳು. ಕೀರ್ತನ ಕುಡುಗೋಲಿನ ತುದಿಯಿಂದ ತೂತು ಮಾಡುತ್ತಾ, ಎಳೆ ತೂರಿಸುತ್ತಾ, ಒಂದೊಂದು ಹೊಲಿಗೆಗೂ ಗಂಟು ಹಾಕಿದಳು. ಕುಡುಗೋಲು ಜಾರಿ ಬೆರಳು ಕೊಯ್ದರೂ ನಿಲ್ಲಿಸಲಿಲ್ಲ. ಕೊನೆಯ ಗಂಟು ಬೀಳುವ ಹೊತ್ತಿಗೆ ನೀರು ಅವರ ಮೊಣಕಾಲಿಗೆ ಬಂದಿತ್ತು.

ಹುಟ್ಟಿನ ಬದಲಿಗೆ ತೇಲಿ ಬಂದಿದ್ದ ತೆಂಗಿನ ಮಟ್ಟೆಯೊಂದು ಜೊಂಡಿನಲ್ಲಿ ಸಿಕ್ಕಿತು. ಪುಟ್ಟತಾಯಮ್ಮ ಅದನ್ನು ಕೈಗೆ ತೆಗೆದುಕೊಂಡು ಏಳಲು ನೋಡಿದಳು. ಕಾಲು ಊರಲಾಗಲಿಲ್ಲ. ಕೂತು ಹಾಕೋಣವೆಂದರೆ ಆ ಸೆಳವಿಗೆ ತೋಳಿನ ಬಲ ಮಾತ್ರ ಸಾಲದು. ಹೊಳೆಯನ್ನೊಮ್ಮೆ ನೋಡಿದಳು, ಮೊಮ್ಮಗಳನ್ನೊಮ್ಮೆ ನೋಡಿದಳು.

"ತಗಳವ್ವ" ಎಂದು ಮಟ್ಟೆ ಚಾಚಿದಳು. "ಮುಂದಕ್ ಬಗ್ಗಿ ನಿನ್ ಕಡೀಕ್ ಎಳಿ. ಎದ್ರುಬ್ಯಾಡ."

ಹುಡುಗಿಯರು ಹರಿಗೋಲನ್ನು ಮಗುಚಿ, ಅಜ್ಜಿಯನ್ನು ಎತ್ತಿ ಕೂರಿಸಿ, ತಾವೂ ಹತ್ತಿದರು. ಹರಿಗೋಲು ತೇಲಿತು. ಹೊಲಿಗೆಯಿಂದ ನೀರು ಜಿನುಗಿತು. ಕೀರ್ತನ ಬುತ್ತಿಯ ಡಬ್ಬಿಯಿಂದ ಮೊಗೆದು ಮೊಗೆದು ಹೊರಗೆ ಚೆಲ್ಲಿದಳು. ನಡುಹೊಳೆಗೆ ಬಂದದ್ದೇ ತಡ, ಸೆಳವು ಅವರನ್ನು ಬುಗುರಿಯಂತೆ ತಿರುಗಿಸತೊಡಗಿತು.

"ನಮ್ಮಟ್ಟಿ ಕಡೀಕ್ ಎಳಿ! ಬಲಕ್ಕೆ! ಬಲಕ್ ಅಂದ್ನಲ್ಲ!" ಪುಟ್ಟತಾಯಮ್ಮ ಚೀರಿದಳು.

ರಂಜಿತ ಬಲಕ್ಕೆ ಎಳೆದಳು. ಹರಿಗೋಲು ಇದ್ದಲ್ಲೇ ಸುತ್ತಿ, ಒಂದು ಕಡೆಗೆ ವಾಲಿ, ಬೊಗಸೆ ಬೊಗಸೆ ನೀರು ತುಂಬಿಕೊಂಡಿತು. ಇನ್ನೊಮ್ಮೆ ಎಳೆದಳು. ತೋಳು ಕಿತ್ತುಬರುವಂತಾಯಿತು. ನೀರಿಗೆ ಎದುರು ನಿಂತರೆ ಮುಳುಗುತ್ತೇವೆ ಎಂಬುದು ಯಾರೂ ಹೇಳದೆ ಅವಳ ಕೈಗೇ ತಿಳಿಯಿತು.

"ಬಲಕ್ಕೆ ಕಣಮ್ಮಿ!"

"ಸುಮ್ಕಿರಜ್ಜಿ!" ರಂಜಿತ ಕಿರುಚಿದಳು. "ನೀರು ಎತ್ತಗ್ ಓಯ್ತದೋ ಅತ್ತಗೇ ಓಗಣ. ಓಯ್ತಾ ಓಯ್ತಾ ದಡಕ್ ತತ್ತೀನಿ!"

ಆ ಮನೆಯಲ್ಲಿ ಪುಟ್ಟತಾಯಮ್ಮನಿಗೆ ಸುಮ್ಮನಿರು ಎಂದವರು ಅದುವರೆಗೆ ಯಾರೂ ಇರಲಿಲ್ಲ. ಅವಳು ಹರಿಗೋಲಿನ ಅಂಚನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡಳು.

ರಂಜಿತ ಹೊಳೆಯ ಜೊತೆಗೆ ಹೊರಟಳು. ಸೆಳವಿಗೆ ಮೈ ಬಿಟ್ಟು, ಒಂದೊಂದು ಎಳೆತಕ್ಕೂ ಹರಿಗೋಲನ್ನು ಚೂರು ಚೂರೇ ದಡದ ಕಡೆಗೆ ಓರೆಯಾಗಿ ತಂದಳು. ಅವರ ಹಟ್ಟಿಯ ಹಿಂದಿನ ಮಾವಿನ ಮರ ಕಣ್ಣ ಮುಂದೆಯೇ ಹಾದುಹೋಯಿತು. ಆಮೇಲೆ ಹೊಳೆ ತಿರುಗಿತು, ನಿಮಿಷಾಂಬ ಗುಡಿಯ ಗೋಪುರ ಕಂಡಿತು. ಅದರ ಮೆಟ್ಟಿಲು ತಪ್ಪಿದರೆ ಮುಂದೆ ಬರೀ ನೀರು.

"ಇನ್ನೊಂದ್ಸಲ ಕಣೇ" ಕೀರ್ತನ ಡಬ್ಬಿ ಬಿಟ್ಟು ಬರಿಗೈಯಲ್ಲೇ ನೀರು ಬಡಿಯತೊಡಗಿದಳು. "ಇನ್ನೊಂದ್ಸಲ! ಇನ್ನೊಂದ್ಸಲ!"

ಮೆಟ್ಟಿಲ ಮೇಲಿದ್ದವರು ಎದ್ದು ನಿಂತರು. ಒಬ್ಬ ಉಟ್ಟ ಪಂಚೆಯಲ್ಲೇ ಎದೆಮಟ್ಟ ನೀರಿಗೆ ಇಳಿದು ಕೈ ಚಾಚಿದ. ರಂಜಿತ ಕೊನೆಯ ಸಲ ಮೈಯೆಲ್ಲ ಬಗ್ಗಿಸಿ ಎಳೆದಳು. ಹರಿಗೋಲಿನ ಅಂಚು ಅವನ ಕೈಗೆ ಸಿಕ್ಕಿತು.

ಜನ ಕೂಗಿದರು, ಚಪ್ಪಾಳೆ ತಟ್ಟಿದರು. ಸುದ್ದಿ ಮುಟ್ಟಿ ಓಡಿಬಂದ ಮೌನೇಶ ಮಗಳನ್ನು ತಬ್ಬಿಕೊಂಡ. ಕೀರ್ತನ ಅವನ ಅಂಗಿ ಎಳೆದು ಹರಿಗೋಲಿನ ಹೊಲಿಗೆ ತೋರಿಸುತ್ತಿದ್ದಳು.

ಇಬ್ಬರು ಹೆಂಗಸರು ಎತ್ತಿ ತಂದು ಕೂರಿಸಿದ ಮೆಟ್ಟಿಲ ಮೇಲೆ ಪುಟ್ಟತಾಯಮ್ಮ ಊದಿದ ಕಾಲು ಚಾಚಿಕೊಂಡು, ಬಂದವರಿಗೆಲ್ಲ ಅದೊಂದನ್ನೇ ಹೇಳುತ್ತಿದ್ದಳು. "ನನ್ ಮೊಮ್ಮಗ್ಳು ಕಣ್ರಪ್ಪ. ನಂಗೇ ಸುಮ್ಕಿರು ಅಂದ್ಬುಟ್ಲು!"

ಗುಡಿಯಿಂದ ಯಾರೋ ದೊನ್ನೆಗಳಲ್ಲಿ ಬಿಸಿ ಪೊಂಗಲು ತಂದರು. ರಂಜಿತ ಕೈ ಚಾಚಿದಳು, ಬೆರಳು ಬಿಚ್ಚಲಿಲ್ಲ. ಎರಡೂ ಮುಷ್ಟಿ ಮಟ್ಟೆ ಹಿಡಿದಂತೆಯೇ ಮಡಿಸಿಕೊಂಡಿದ್ದವು. ಪುಟ್ಟತಾಯಮ್ಮ ಮಾತು ನಿಲ್ಲಿಸಿ ಮೊಮ್ಮಗಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಸೆರಗಿನಿಂದ ಒರೆಸಿ, ಕಿರುಬೆರಳಿನಿಂದ ಶುರುಮಾಡಿ, ಒಂದೊಂದನ್ನೇ ಮೆಲ್ಲಗೆ ನೀವಿ ಬಿಡಿಸತೊಡಗಿದಳು.