ಏಳು ಪಾಯಿಂಟ್ ಎರಡು

ನೀರಿನಲ್ಲಿ ಮೀನಿಗೆ ಉಸಿರಾಡಲು ಗಾಳಿ ಎಷ್ಟಿದೆಯೆಂದು ಹೇಳುವ ಆ ಮೀಟರನ್ನು ವಿದ್ಯಾ ಬಾಣಂತಿ ಕೂಸಿನ ಹಾಗೆ ಜೋಪಾನ ಮಾಡುತ್ತಿದ್ದಳು. ವೈರಿನ ತುದಿಗೆ ಪ್ರೋಬ್, ಪ್ರೋಬಿನ ತುದಿಗೆ ಅಂಗಿಯ ಗುಂಡಿಯಷ್ಟಗಲದ ಕಪ್ಪು ಪೊರೆ. ಅದರ ಜೀವವೆಲ್ಲ ಅಲ್ಲೇ. ಬಿಸಿಲು ತಾಗಬಾರದು, ಒಣಗಬಾರದು, ತಿಕ್ಕಬಾರದು. ಮೆತ್ತನೆಯ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಳಗೆ ಹಸಿ ಸ್ಪಂಜು ಇರುವ ಟೊಪ್ಪಿಗೆ ತೊಡಿಸಿ ಪೆಟ್ಟಿಗೆಯಲ್ಲಿಡಬೇಕು. ಇಷ್ಟೆಲ್ಲ ಕಲಿತು ಬಂದವಳು ಅವ್ವನಿಗೆ ಒಂದು ಮಾತು ಹೇಳುವುದನ್ನೇ ಮರೆತಳು.

ಅಕ್ಕಿಆಲೂರಿನ ಹೊರಗೆ ಅವರದೊಂದು ಮೀನಿನ ಹೊಂಡ, ಪಕ್ಕದಲ್ಲೇ ಕರೀಮಸಾಬರದೊಂದು. ನೀರು ಚಿಮ್ಮಿಸಿ ಗಾಳಿ ಬೆರೆಸುವ ಮಷೀನು ಮಾತ್ರ ಇಬ್ಬರಿಗೂ ಸೇರಿ ಒಂದೇ. ಯಾರ ಮೀನಿಗೆ ಕಷ್ಟವೋ ಅಂದು ಅದು ಅವರ ಹೊಂಡಕ್ಕೆ.

ದಸರೆಯ ಸಂಜೆ ಕರೀಮಸಾಬರು ಬಂದರು. ಮೂರು ದಿನದಿಂದ ಮೋಡ, ಗಾಳಿ ಅಲುಗಿರಲಿಲ್ಲ.

"ಮುಂಜಾನೆ ನಮ್ಮ ಮೀನ ಬಾಯಿ ಮ್ಯಾಲ ಮಾಡಿದ್ವು ವಿದ್ಯಾವ್ವ. ಮಷೀನ ನಮಗ ಬೇಕಾಗೈತಿ. ನಿಮ್ದು ಹ್ಯಾಂಗ?"

ವಿದ್ಯಾ ಪ್ರೋಬನ್ನು ನೀರಿಗೆ ಇಳಿಬಿಟ್ಟಳು. ಐದಿದ್ದರೆ ಮೀನಿಗೆ ಸಾಕು. ಏಳು ಪಾಯಿಂಟ್ ಎರಡು.

"ನಮ್ದು ಚಲೋ ಐತಿ ಚಾಚಾ, ಒಯ್ರಿ."

ಬಿಸಿಲಿಲ್ಲದಿದ್ದರೆ ನೀರಿನ ಗಾಳಿ ಇಳಿಯುತ್ತದೆ, ಮೋಡದ ದಿನ ಇಷ್ಟು ಹೇಗೆ ಬಂತೆಂದು ಒಂದು ಗಳಿಗೆ ಅನಿಸಿತು. ಆದರೆ ಮೀಟರು ಸುಳ್ಳು ಹೇಳುತ್ತದೆಯೇ? ಕಲಿತವರ ಕುರುಡುತನ ಇದೇ ನೋಡಿ.

ಬೆಳಗಾಗುವಾಗ ಹೊಂಡದ ತುಂಬ ಬರೀ ಬಾಯಿಗಳು. ಹತ್ತು ತಿಂಗಳು ಸಾಕಿದ ಕಾಟ್ಲಾ, ರೋಹು ಎಲ್ಲ ಮೇಲೆ ಬಂದು ಗಾಳಿಗೆ ಬಾಯಿ ಬಿಡುತ್ತಿದ್ದವು. ವಿದ್ಯಾ ಪ್ರೋಬ್ ಹಾಕಿದಳು. ಏಳು ಪಾಯಿಂಟ್ ಎರಡು. ಎತ್ತಿ ನೋಡಿದರೆ ಪೊರೆಯ ಮೇಲೆಲ್ಲ ಗೀರು, ಅಂಚಿನಲ್ಲಿ ಕುಂಕುಮ.

"ಅವ್ವಾ, ಇದಕ್ಕೇನ್ ಮಾಡಿದಿ?"

"ಮೊನ್ನೆ ಖಂಡೇಪೂಜಿಗೆ ಆಯುಧ ತೊಳಿಯೋವಾಗ ಕುಡಗೋಲು, ಕುರ್ಪಿ ಸಂಗಾಟ ಇದನ್ನೂ ತೊಳದೇನಿ" ಎಂದಳು ಗುತ್ತೆವ್ವ. "ತುದಿಗೆ ಕರೀ ಮಸಿ ಹತ್ತಿತ್ತು, ಬೂದಿ ಹಚ್ಚಿ ತಿಕ್ಕಿದೆ. ಬಿಸಲಿರ್ಲಿಲ್ಲ, ಒಲಿ ಮುಂದ ಒಣಗಿಸಿದೆ. ನಮಗ ಅನ್ನ ಹಾಕೂದು ಅದ ಅಲ್ಲೇನು?"

ಬೈಯಬೇಕೆಂದರೆ ಯಾರನ್ನು ಬೈಯುವುದು? ವಿದ್ಯಾ ಕರೀಮಸಾಬರ ಹೊಂಡದ ಕಡೆ ಕೂಗುತ್ತ ಓಡಿದಳು. ಅವರು ಕೂಡಲೇ ಮಷೀನು ಬಿಚ್ಚತೊಡಗಿದರು. ಅದನ್ನು ಹೊತ್ತು ತಂದು ವೈರು ಜೋಡಿಸುವಷ್ಟರಲ್ಲಿ ಒಂದೊಂದೇ ಬಿಳಿ ಹೊಟ್ಟೆ ಮೇಲಾಗುತ್ತಿತ್ತು.

ಸುಮ್ಮನೆ ನೋಡುತ್ತ ನಿಲ್ಲಲಾರದೆ ಗುತ್ತೆವ್ವ ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ಕೊಡದಲ್ಲಿ ನೀರು ಮೊಗೆದು ಎತ್ತರದಿಂದ ಸುರಿದಳು, ಮತ್ತೆ ಮೊಗೆದು ಮತ್ತೆ ಸುರಿದಳು. ಅಷ್ಟಗಲದ ಹೊಂಡಕ್ಕೆ ಒಂದು ಕೊಡ ಎಲ್ಲಿಯ ಲೆಕ್ಕ! ಏದುಸಿರು ಬಿಡುತ್ತ ಮಗಳ ಕಡೆ ತಿರುಗಿದಳು.

"ಮೀಟರ ನೋಡವ್ವ. ಏನರ ಏರಾಕತ್ತೈತೇನು?"

ವಿದ್ಯಾ ನೋಡಿದಳು. ಏಳು ಪಾಯಿಂಟ್ ಎರಡು.

"ಏರಾಕತ್ತೈತಿ, ಅವ್ವ" ಎಂದಳು.

ಗುತ್ತೆವ್ವ ಮತ್ತೊಂದು ಕೊಡ ಮೊಗೆದಳು.