ಯಾರೂ ಕಲಿಸಲಿಲ್ಲವಂತೆ

ಅರವತ್ಮೂರನೆಯ ಇಸವಿಯ ಸುಗ್ಗಿ ಹಬ್ಬಕ್ಕೆ ಸಿಂದಗಿಯ ಕ್ರೈಸ್ತರ ಸಣ್ಣ ದೇವಾಲಯಕ್ಕೆ ಇಂಡಿಯಿಂದ ಭಜನಾ ಮೇಳವೊಂದು ಬಂದಿತ್ತು. ಮೀಸೆ ಚಿಗುರುತ್ತಿದ್ದ ಹುಡುಗರು. ಪೇಟಿ, ತಾಳ, ಡೋಲಕಿ ಇಟ್ಟುಕೊಂಡು ಯೇಸುಸ್ವಾಮಿಯ ಹಾಡುಗಳನ್ನು ಊರ ಭಜನೆಯ ಧಾಟಿಯಲ್ಲಿ ಹಾಡಿದರು. ಜೋಳದ ತೆನೆ, ತೊಗರಿ, ಕುಂಬಳಕಾಯಿ ಕಾಣಿಕೆ ತಂದು ಕುಳಿತಿದ್ದ ಜನ ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡನೆಯ ಹಾಡಿಗೆ ಚಪ್ಪಾಳೆ ಶುರುವಾಯಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹಾಕಿದವನು ಎಪ್ಪತ್ತು ದಾಟಿದ ದಾನಿಯೇಲಪ್ಪ. ವೃತ್ತಿಯಿಂದ ಶಿಂಪಿಗ. ಆ ದೇವಾಲಯದಲ್ಲಿ ಎಷ್ಟೋ ವರ್ಷ ಹಾಡು ಎತ್ತಿಕೊಟ್ಟವನು ಅವನೇ.

ಮೇಳ ನಿಂತ ಮೇಲೆ ಅವನು ಕೋಲು ಊರಿ ಎದ್ದು ನಿಂತ. ಕಣ್ಣಲ್ಲಿ ನೀರಿತ್ತು.

"ದೇವರು ನಿಮ್ಮನ್ನ ಛಲೋ ಇಡ್ಲೆಪಾ. ಎದಿ ತುಂಬಿ ಬಂತು. ಇಂಥಾ ಹಾಡು ನಮ್ಮ ಕಾಲಕ್ಕ ನಮಗ ಯಾರೂ ಕಲಸಲಿಲ್ಲ ನೋಡ್ರಿ."

ಹೆಂಗಸರ ಸಾಲಿನಲ್ಲಿ ಕುಳಿತಿದ್ದ ಅವನ ಹೆಂಡತಿ ಸುವಾರ್ತೆವ್ವನಿಗೆ ಆ ಮಾತು ಕೇಳಿ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು. ದೇವಾಲಯದಲ್ಲಿ ಹಾಡಿಗೆ, ಪ್ರಾರ್ಥನೆಗೆ ಬಿಟ್ಟರೆ ಬಾಯಿ ತೆರೆದವಳೇ ಅಲ್ಲ. ಅವತ್ತು ಎದ್ದಳು.

"ಯಾರೂ ಕಲಸಲಿಲ್ಲೇನ್ರಿ? ನಿಮ್ಮ ಮಗ ಬಂದಿದ್ನಲ್ಲ ಕಲಸಾಕ? ಇದ ಜಾಗಾದಾಗ ಡೋಲಕಿ ಇಟಗೊಂಡು ಕುಂತಿದ್ನಲ್ಲ? ಅದರ ತೊಗಲಿಗೆ ಕತ್ರಿ ಹಾಕಿದವ್ರು ಯಾರು? ಹೇಳ್ರಿ ಈ ಹುಡುಗೂರಿಗೆ, ಯಾರು?"

ಪ್ರಾರ್ಥನೆ ನಡೆಸುತ್ತಿದ್ದ ಸಭಾಪಾಲಕರು "ತಾಯೀ, ತಾಯೀ" ಎಂದರು. ಸುವಾರ್ತೆವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು ಕಾಣಿಕೆಯ ರಾಶಿ ದಾಟಿ ಹೊರಗೆ ನಡೆದಳು.

ಹಳಬರಿಗೆ ಆ ಸಂಗತಿ ಗೊತ್ತಿತ್ತು. ಸ್ವರಾಜ್ಯ ಬಂದು ಎರಡು ಮೂರು ವರ್ಷವಾಗಿದ್ದಾಗಿನ ಮಾತು. ಅವರ ಒಬ್ಬನೇ ಮಗ ಸಮಾಧಾನಪ್ಪನಿಗೆ ಆಗ ಹತ್ತೊಂಬತ್ತು. ಮೊಹರಮ್ಮಿಗೆ ರಿವಾಯತ ಪದ ಹಾಡುತ್ತಿದ್ದ ಹಾಜಿಮಲಂಗನ ಬೆನ್ನು ಹತ್ತಿ ಡೋಲಕಿ ಕಲಿತಿದ್ದ. ಕ್ರಿಸ್‌ಮಸ್ ದಿನ ಅದನ್ನು ದೇವಾಲಯಕ್ಕೆ ತಂದು, ತಾನೇ ಕಟ್ಟಿದ ಧಾಟಿಯಲ್ಲಿ ಒಂದು ಹಾಡು ಎತ್ತಿದ. ದಾನಿಯೇಲಪ್ಪ ತಬ್ಬಲಿಯಾಗಿ ಮಿಶನ್ನಿನಲ್ಲಿ ಬೆಳೆದವನು. ಬಿಳಿಯ ಪಾದ್ರಿ ಸಾಹೇಬರು ಪುಸ್ತಕ ಹಿಡಿದು ಕಲಿಸಿದ ನಿಧಾನದ ಹಾಡುಗಳೇ ಅವನಿಗೆ ಹಾಡು. ಒಂದೊಂದು ಸಾಲನ್ನೂ ಒಂದೇ ಉಸಿರಿನಲ್ಲಿ ಎಳೆಯಬೇಕು. ನಡುವೆ ತಾಳ ಗೀಳ ಕೂಡದು. ಮಗ ಎರಡು ಸಾಲು ಹಾಡುವಷ್ಟರಲ್ಲಿ ಅವನು ಎದ್ದು ಹೊರಗೆ ಹೋದ. ಸಿಟ್ಟಿಗೆ ಮನೆಗೆ ಹೋದನೆಂದು ಎಲ್ಲರೂ ತಿಳಿದರು. ಮನೆಗೇ ಹೋಗಿದ್ದ, ಕತ್ತರಿ ತರಲು. ತಿರುಗಿ ಬಂದು ಮಗನ ತೊಡೆಯ ಮೇಲಿನ ಡೋಲಕಿಯ ತೊಗಲನ್ನು ಅಂಗಿಯ ಅರಿವೆ ಕತ್ತರಿಸಿದಂತೆ ಕತ್ತರಿಸಿದ.

"ದೇವರ ಮನಿ ಐತಿ ಇದು. ಕುಣಿಯೂದಿತ್ತಂದ್ರ ಬ್ಯಾರೆ ಮನಿ ನೋಡ್ಕೊ."

ಸಮಾಧಾನಪ್ಪ ಬೇರೆ ಮನೆ ನೋಡಿಕೊಂಡ. ಮುದ್ದೇಬಿಹಾಳದ ದವಾಖಾನೆಯಲ್ಲಿ ಕಂಪೌಂಡರನಾದ, ಅಲ್ಲೇ ಲಗ್ನವಾದ. ಲಗ್ನಕ್ಕೆ ದಾನಿಯೇಲಪ್ಪ ತಾನೂ ಹೋಗಲಿಲ್ಲ, ಹೆಂಡತಿಯನ್ನೂ ಬಿಡಲಿಲ್ಲ. ಇಂಗಳೇಶ್ವರದಲ್ಲಿದ್ದ ತಂಗಿಯ ಮನೆಗೆ ಹೋಗಿಬರುತ್ತೇನೆಂದು ಹೇಳಿ, ಅಲ್ಲಿಗೆ ಕರೆಸಿಕೊಂಡು, ಸುವಾರ್ತೆವ್ವ ಮಗನ ಮುಖ ನೋಡುತ್ತಿದ್ದಳು. ತನ್ನ ಮಗನನ್ನು ಕದ್ದು ನೋಡುವ ಗತಿ. ಅವಳು ಅದನ್ನು ನುಂಗಿಕೊಂಡಿದ್ದಳು, ಆ ಸುಗ್ಗಿ ಹಬ್ಬದವರೆಗೆ.

ದಾನಿಯೇಲಪ್ಪ ಮನೆಗೆ ಬಂದವನೇ ಕೋಲು ಮೂಲೆಗೆ ಒಗೆದ.

"ಮಂದ್ಯಾಗ ನನ್ನ ಮಾನ ಕಳದಿ."

"ನಿಮ್ಮ ಮಾನ ಅಷ್ಟ ಹೋತು. ನನ್ನ ಮಗಾನ ಹೋದ. ಆವಾಗ ಸೈತಾನನ ಡೋಲಕಿ ಇದ್ದದ್ದು ಈಗ ಹ್ಯಾಂಗ ದೇವರದಾತು? ಅದನ್ನಷ್ಟು ಹೇಳ್ರಿ ನನಗ."

ಮುದುಕ ಗೋಡೆಗೆ ಒರಗಿ ಕುಳಿತ. ದನಿ ಇಳಿಯಿತು.

"ಪುಸ್ತಕದ ಹಾಡಿಗೆ ಉಸುರು ಸಾಲವಲ್ದು. ಅರ್ಧಾ ಸಾಲಿಗೇ ದಮ್ಮು ಹತ್ತತೈತಿ. ಈ ಭಜನಿ ಹಾಡು ತುಣಕ ತುಣಕ ಇರ್ತಾವು, ನನ್ನ ಉಸುರಿಗೆ ಕೂಡ್ತಾವು. ಫಕ್ರುದ್ದೀನನ ಹೋಟ್ಲಾಗ ದಿನಾ ರೇಡಿಯೋ ಕೇಳಿ ಕಿವಿನೂ ಒಗ್ಗೇತಿ. ವಯಸ್ಸಾದಂಗ ಕಿವಿ ಬದಲಾಗತೈತಿ, ನಾ ಏನ್ ಮಾಡ್ಲಿ?"

"ನಿಮ್ಮ ಕಿವಿ ಬದಲಾಗೂತನಕ ನಾ ಮಗನ್ನ ಬಿಟ್ಟು ಕುಂಡ್ರಬೇಕಿತ್ತೇನು?"

ಅವನು ಗೋಡೆಯ ಕಡೆ ಹೊರಳಿ ಮಲಗಿದ. ಅದನ್ನು ಕಂಡು ಅವಳ ಸಿಟ್ಟು ಇನ್ನಷ್ಟು ಏರಿತು. ಮರುದಿನ ಬೆಳಗ್ಗೆ ಬುತ್ತಿ ಕಟ್ಟಿಕೊಂಡು, ಕೇಳದೆ ಹೇಳದೆ ಬಸ್ಸು ಹತ್ತಿದಳು. ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ, ಹೊತ್ತು ಇಳಿಯುವ ಮೊದಲೇ ಮುದ್ದೇಬಿಹಾಳದ ಮಗನ ಅಂಗಳದಲ್ಲಿದ್ದಳು. ಆ ಮನೆಯನ್ನು ಅವಳು ನೋಡಿದ್ದು ಅದೇ ಮೊದಲು. ಸೊಸೆ ರಾಹೇಲವ್ವ ಗಾಬರಿಯಾಗಿ ಕಾಲಿಗೆ ನೀರು ಕೊಟ್ಟಳು.

ಸಮಾಧಾನಪ್ಪ ದವಾಖಾನೆಯಿಂದ ಬರುತ್ತಲೇ ಸುವಾರ್ತೆವ್ವ ನಡೆದದ್ದನ್ನೆಲ್ಲ ಹೇಳಿದಳು. ಮಗ ನಗುತ್ತಾನೆ, ಇಲ್ಲವೆ ಅಳುತ್ತಾನೆ ಎಂದುಕೊಂಡಿದ್ದಳು. ಅವನ ಮುಖ ಬಿಗಿಯಿತು.

"ಚಪ್ಪಾಳಿ ಹಾಕಿದ್ನಾ?"

"ಹೂಂ. ಜೋರಾಗಿ."

"ಅಪ್ಪ? ಚಪ್ಪಾಳಿ?"

"ಹೂಂ ಅಂದೇನಲ್ಲೋ. ಅದಕ್ಕ ಬಂದೇನಿ. ಒಂದು ಡೋಲಕಿ ತಗೊಂಡು ನಡಿ. ಅವರ ಮುಂದ ಕುಂತು ಬಾರಸು. ಬಾರಿಸಿ ಬಾರಿಸಿ ನಾಚಿಕಿ ಬರಸು."

ಸಮಾಧಾನಪ್ಪ ತಲೆಯಾಡಿಸಿದ.

"ನನಗೀಗ ಆ ಹಾಡ ಸೇರೂದಿಲ್ಲವ್ವಾ. ದಿನಾ ದವಾಖಾನ್ಯಾಗ ನರಳೂದು, ಚೀರೂದು ಕೇಳಿ ಬರ್ತೇನಿ. ದೇವಾಲಯದಾಗರ ಸದ್ದ ಬ್ಯಾಡ ಅನಸ್ತೈತಿ. ಅಪ್ಪ ಹಾಡ್ತಿದ್ನಲ್ಲ, ನಿಧಾನ, ಅವ ಬೇಕನಸ್ತಾವು."

ರಾಹೇಲವ್ವ ಒಳಗಿನಿಂದಲೇ ಹೇಳಿದಳು: "ಹೋದ ಕ್ರಿಸ್‌ಮಸ್ಸಿಗೆ ಇಲ್ಲಿ ಹುಡುಗೂರು ಡೋಲಕಿ ತಂದಿದ್ದರ್ರಿ ಅತ್ತಿ. ಇವರ ಬ್ಯಾಡ ಅಂದು ಹೊರಗ ಇಡಸಿದ್ರು."

ಸುವಾರ್ತೆವ್ವ ಮಗನ ಕಡೆ ತಿರುಗಿದಳು.

"ನೀನೂ ಕತ್ರಿ ಹಿಡದೇನೋ?"

"ಕತ್ರಿ ಎಲ್ಲಿ ಹಿಡದೇನವ್ವಾ? ಬ್ಯಾಡ ಅಂದೇನಿ, ಅಷ್ಟ."

"ಅಷ್ಟಽ? ಅವರೂ ಅಷ್ಟ ಅಂದುಕೊಂಡಿದ್ರು! ಆ ಹುಡುಗೂರ ಅವ್ವಗಳು ಇನ್ನ ಯಾವ ಊರಿಗೆ ಕದ್ದು ಹೋಗಬೇಕು, ಮಕ್ಕಳ ಮುಖ ನೋಡಾಕ? ನಿಮಗ ಸೇರಿದಾಗ ದೇವರಿಗೂ ಸೇರಬೇಕು, ನಿಮಗ ಸೇರದಾಗ ದೇವರಿಗೂ ಸೇರಬಾರ್ದು. ಅಪ್ಪಗ ತಕ್ಕ ಮಗ!"

"ಅವನ ಸಂಗಾಟ ನನ್ನ ಕೂಡಸಬ್ಯಾಡ!" ಸಮಾಧಾನಪ್ಪನೂ ಚೀರಿದ. "ಅವ ನನ್ನ ಬಾಗಲಿಗೆ ಒಮ್ಮೆರ ಬಂದಾನೇನು? ಬರ್ಲಿ. ಬಂದು ತಪ್ಪಾತು ಅನ್ಲಿ. ಅಲ್ಲೀತನಕ ಸಿಂದಗಿ ಸೀಮಿ ತುಳಿಯೂದಿಲ್ಲ ನಾ."

"ಬರಸ್ತೇನಿ," ಎಂದಳು ಸುವಾರ್ತೆವ್ವ. ಊಟಕ್ಕೂ ನಿಲ್ಲದೆ ಹೊರಟಳು. ಅವತ್ತು ಇಂಗಳೇಶ್ವರದ ತಂಗಿಯ ಮನೆಯಲ್ಲಿ ಮಲಗಿ, ಮರುದಿನ ಸಿಂದಗಿ ಮುಟ್ಟಿದಳು.

ದಾನಿಯೇಲಪ್ಪ ಒಪ್ಪಲಿಲ್ಲ. ಅಪ್ಪನಾದವನು ಮಗನ ಬಾಗಿಲಿಗೆ ಹೋಗುವುದೆಲ್ಲಿ ಉಂಟು ಎಂದ. ಸುವಾರ್ತೆವ್ವ ವಾದಿಸಲಿಲ್ಲ. ಒಲೆ ಹೊತ್ತಿಸುವುದನ್ನು ಬಿಟ್ಟಳು. ತಾನು ಪಕ್ಕದ ಮನೆಯ ಇಮಾಮಬಿಯ ಹತ್ತಿರ ರೊಟ್ಟಿ ಇಸಿದುಕೊಂಡು ತಿಂದಳು. ಗಂಡ ಫಕ್ರುದ್ದೀನನ ಹೋಟೆಲಿನ ಭಜಿ, ಚಹಾದ ಮೇಲೆ ದಿನ ನೂಕಿದ. ಕೊನೆಗೆ ಫಕ್ರುದ್ದೀನನೇ ರೇಡಿಯೋದ ಕಿವಿ ತಿರುವಿ ಬಂದ್ ಮಾಡಿ ಅವನೆದುರು ಕುಳಿತ.

"ಕಾಕಾ, ಊರ ಮಂದಿಗೆಲ್ಲ ಗೊತ್ತೈತಿ. ನೀವು ಇಲ್ಲಿ ಕುಂತು ಕಾಲ ಕುಣಸತೀರಿ, ನಿಮ್ಮ ಮಗ ಅಲ್ಲಿ ಕುಂತಾನ. ನನಗರ ನಿಮ್ಮ ಮುಂದ ರೇಡಿಯೋ ಹಚ್ಚಾಕ ಮನಸ್ಸಾಗವಲ್ದು. ಹೋಗಿ ಬರ್ರಿ."

ಆ ಶನಿವಾರ ಗಂಡ ಹೆಂಡತಿ ಬಸ್ಸು ಹತ್ತಿದರು.

ಸಮಾಧಾನಪ್ಪ ಅಂಗಳದಲ್ಲಿ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದ. ಬಾಗಿಲಲ್ಲಿ ಅಪ್ಪನನ್ನು ಕಂಡು ಪಂಪು ಕೈಯಲ್ಲೇ ಉಳಿಯಿತು. ಮುದುಕನಿಗೆ ದಮ್ಮು ಹತ್ತಿತ್ತು. ಉಸಿರು ಹಿಡಿದು ಹಿಡಿದು ಹೇಳಿದ:

"ತಪ್ಪಾತಪಾ."

ಸಮಾಧಾನಪ್ಪ ಹತ್ತಿರ ಬರಲಿಲ್ಲ.

"ನಾ ಬಾರಿಸಿದಾಗ ನನಗ ಹತ್ತೊಂಬತ್ತು. ಯಾರ ಯಾರರೆ ಊರ ಹುಡುಗೂರಿಗೆ ಚಪ್ಪಾಳಿ ಹಾಕಿದಿ. ಆವತ್ತ ನನಗ ಒಂದು ಚಪ್ಪಾಳಿ, ಒಂದಽ ಒಂದು..." ಪಂಪು ನೆಲಕ್ಕೆ ಕುಕ್ಕಿದ. "ಒಳಗ ಬಾ. ಬಿಸಲಾಗ ನಿಂದರಬ್ಯಾಡ."

ಒಳಗೆ ರಾಹೇಲವ್ವ ಚಾಪೆ ಹಾಸಿದಳು, ನೀರು ಕೊಟ್ಟಳು. ಅಪ್ಪ ಮಗ ಎದುರುಬದುರು ಕುಳಿತು ಬೇರೆ ಬೇರೆ ಗೋಡೆ ನೋಡಿದರು. ನೀರು ಕುಡಿದು ದಾನಿಯೇಲಪ್ಪ ಕೇಳಿದ:

"ನಿಮ್ಮ ದೇವಾಲಯದಾಗ ಡೋಲಕಿ ಬ್ಯಾಡ ಅಂದೀಯಂತ? ಯಾಕ?"

"ಪ್ರಾರ್ಥನಾದಾಗ ಗದ್ದಲ ಯಾಕಬೇಕು?"

"ಗದ್ದಲ ಅಲ್ಲಪಾ ಅದು. ಮುದುಕರಿಗೂ ಹಾಡಾಕ ಬರ್ತೈತಿ. ಪುಸ್ತಕದ ಹಾಡಿಗೆ ನಮಗ ಉಸುರ ಎಲ್ಲೈತಿ?"

"ಉಸುರಿಲ್ಲಂದ್ರ ಸುಮ್ಮನ ಕೇಳು! ಆ ಹಾಡು ನೀನ ಕಲಸಿದ್ದು ನನಗ!"

"ತಪ್ಪು ಕಲಸೇನಿ!"

ದನಿಗಳು ಏರಿದವು. ರಾಹೇಲವ್ವ ಅಡುಗೆಮನೆಯಿಂದ ಓಡಿ ಬಂದಳು. "ಅತ್ತೀ, ಮತ್ತ ಹತ್ತಿದ್ರಲ್ರಿ. ಬಿಡಸ್ರಿ."

"ನಾ ಯಾಕ ಬಿಡಸ್ಲಿ?" ಸುವಾರ್ತೆವ್ವ ಎದ್ದು ಹೋಗಿ ತಲಬಾಗಿಲಿನ ಹೊಸ್ತಿಲ ಮೇಲೆ ಕಾಲು ಚಾಚಿ ಕುಳಿತಳು. ಹೊಸ್ತಿಲ ಮೇಲೆ ಕೂರಬಾರದೆಂದು ಸೊಸೆಗೆ ಹೇಳಲು ಧೈರ್ಯವಾಗಲಿಲ್ಲ.

"ಬಡದಾಡ್ಲಿ. ಹರಿಯೂತನಕ ಬಡದಾಡ್ಲಿ. ಇಬ್ಬರಾಗ ಒಬ್ಬರು ಈ ಬಾಗಲಾ ದಾಟಲಿ, ಆವಾಗ ನೋಡ್ತೇನಿ. ನೀ ರೊಟ್ಟಿ ಬಡಿ ಹೋಗು, ನನಗ ಹಸುವಾಗೇತಿ."