ಬೂಟು ಕಾದವನು

ಕಾಲುಗಳು, ಮಗ್ಗದ ಗುಣಿಯೊಳಗೆ ಕೂತವನಿಗೆ ಬೀದಿ ಅಂದರೆ ಬರೀ ಕಾಲುಗಳು, ಕಿಟಕಿ ನೆಲಮಟ್ಟದ್ದು, ನೀರು ಹೊತ್ತವಳ ಒದ್ದೆ ಕಾಲು, ಹಾಲಿನವನ ಕಾಲು, ಈಗ ಎರಡು ಬರಿಗಾಲು ಬಂದು ನಿಂತವು, ಪಕ್ಕದಲ್ಲಿ ತೂಗಾಡುತ್ತ ಒಂದು ಜೊತೆ ಮಿಲಿಟರಿ ಬೂಟು, ಅಟ್ಟೆಯ ತುಂಬ ಮೊಳೆ — ನಿಂಗಯ್ಯ, ಬಂಡಳ್ಳಿ ಹೊಲಗೇರಿಯ ನಿಂಗಯ್ಯ, ಬಂದೇಬಿಟ್ಟ, ನಮ್ಮ ದೇವಾಂಗರ ಬೀದಿ ಶುರುವಾಗುವಲ್ಲೇ ಕಳಚಿ ಕೈಗೆ ತಗೊಂಡಿದ್ದಾನೆ, ಬರ್ಮಾ ಸಯಾಂ ಎಲ್ಲ ತುಳಿದ ಬೂಟು ಕೊಳ್ಳೇಗಾಲದ ಈ ಬೀದಿ ತುಳಿಯಬಾರದು. ಬುದ್ಧಿ, ದೇವಣ್ಣಬುದ್ಧಿ ಅವ್ರಾ? ನಾನು ಬುದ್ಧಿಯಂತೆ, ಮಿಲಿಟರಿಯಲ್ಲಿ ಮೂರು ವರ್ಷ ಒಂದೇ ಲಾರಿಯಲ್ಲಿ ಮಲಗಿ ಎದ್ದಾಗ ಬರೀ ದೇವಣ್ಣ ಆಗಿದ್ದೆ. ಲಾಳಿಯನ್ನು ಕೈಯಲ್ಲೇ ಹಿಡಿದೆ, ಉಸಿರನ್ನೂ ಹಿಡಿದೆ, ಇವತ್ತು ಹತ್ತು ಗಂಟೆಗೆ ಹೊಲಗೇರಿಯವರು ಗುಡಿಯೊಳಕ್ಕೆ ಹೋಗುವುದು, ನಮ್ಮನ್ನಾಳುವ ಮದ್ರಾಸ್ ಸರ್ಕಾರ ಅವರನ್ನೂ ಒಳಗೆ ಬಿಡಬೇಕೆಂದು ಕಾನೂನು ಮಾಡಿ ವರ್ಷವಾಯಿತು, ಕಾನೂನು ಕಾಗದದಲ್ಲಿದೆ, ಬೀಗ ಬಾಗಿಲಲ್ಲಿದೆ, ನಿಮ್ಮ ಬೀದಿಯೋರು ಒಬ್ರು ನಮ್ ಜೊತೇಲಿ ನಡುದ್ರೆ ಬಾಗ್ಲಾಕಕೆ ಅವ್ರ್ಗೂ ನಾಚ್ಕೆ ಆಯ್ತದೆ ಬುದ್ಧಿ, ನೀವೊಬ್ರು ಬನ್ನಿ ಸಾಕು, ಸಂತೆಯಲ್ಲಿ ಸಿಕ್ಕಿ ಕೇಳಿದ್ದ, ಬತ್ತೀನಿ ಕಣ್ಲಾ ಅಂದಿದ್ದೆ, ನಾಲಗೆಗೇನು, ಮೂಳೆಯಿಲ್ಲ. ರುದ್ರಾಣಿ ಒಲೆ ಬಿಟ್ಟು ಬಂದು ನನ್ನ ಮುಖ ನೋಡಿದಳು, ಹೆಂಡತಿಗೆ ಹೇಳಬೇಕಾಗಿಲ್ಲ, ನಾನು ಮನೆಯಲ್ಲಿಲ್ಲ ಅನ್ನು ಎಂದು ತಲೆಯಾಡಿಸಿದೆ — ಆವತ್ತೂ ಹೀಗೇ, ಅಲ್ಲ, ಆವತ್ತು ತಲೆಯನ್ನೂ ಆಡಿಸಲಿಲ್ಲ.

ಚಿಯಾಂಗ್‌ಮಾಯಿ, ಯುದ್ಧ ಮುಗಿದು ಜಪಾನಿಯವರ ಕೋವಿ ಹೇರಿಕೊಂಡು ಬರಲು ಸಯಾಮಿನ ಆ ಬಡಗಣ ಊರಿಗೆ ನಮ್ಮ ಲಾರಿಗಳನ್ನು ಕಳಿಸಿದ್ದರು, ಭಾನುವಾರ ರಜೆ, ಎತ್ತ ತಿರುಗಿದರೂ ಬುದ್ಧನ ಗುಡಿ, ಬಾ ನಿಂಗ ನೋಡಿ ಬರೋಣ ಅಂದವನು ನಾನೇ, ಮೊದಲು ಆ ಮುರಿದ ದೊಡ್ಡ ಗೋಪುರ, ಎಂದೋ ಭೂಮಿ ನಡುಗಿ ತಲೆ ಬಿದ್ದುಹೋದದ್ದು, ಸುತ್ತ ಗಾರೆಯ ಆನೆಗಳು, ಒಂದಕ್ಕೆ ಸೊಂಡಿಲಿಲ್ಲ ಇನ್ನೊಂದಕ್ಕೆ ಕಿವಿಯಿಲ್ಲ, ನಮ್ ಹೂಗ್ಯಂ ಕಾಡಿನವು ಇವ್ನ ನೋಡುದ್ರೆ ನಗಾಡ್ತವೆ ಕಣ್ ದೇವಣ್ಣ, ಇಬ್ಬರೂ ನಕ್ಕು ಸುತ್ತು ಹಾಕಿದೆವು, ಬಯಲಲ್ಲವೇ, ಬಯಲಲ್ಲಿ ನಾನು ಎಷ್ಟು ಒಳ್ಳೆಯವನು. ಆಮೇಲೆ ಸಿಂಹದ ಹೆಸರಿನ ಗುಡಿ, ಮರದ ಮಂಟಪ, ಬಾಗಿಲಿಗೆಲ್ಲ ಚಿನ್ನದ ಬಳ್ಳಿ, ಮೆಟ್ಟಿಲ ಬಳಿ ಊರ ಜನರ ಚಪ್ಪಲಿ ಚೆಲ್ಲಾಡಿ ಬಿದ್ದಿವೆ, ಕಾಯುವವರಿಲ್ಲ, ನಿಂಗಯ್ಯ ಅಷ್ಟು ಹೊತ್ತಿಗೆ ಹೊರಗಿನ ಬಾಗಿಲಲ್ಲೇ ಬೂಟು ಕಳಚಿ ಕೈಯಲ್ಲಿ ಹಿಡಿದು ಬಂದಿದ್ದ, ಯಾರು ಹೇಳಿದರು ಅವನಿಗೆ, ಆ ಸೀಮೆಯಲ್ಲಿ ಅವನು ಯಾರೆಂದು ಬಲ್ಲವನು ನಾನೊಬ್ಬನೇ, ಹೊಲೆ ಅನ್ನುವುದು ಆ ಇಡೀ ಊರಲ್ಲಿ ನನ್ನ ತಲೆಯೊಳಗಲ್ಲದೆ ಇನ್ನೆಲ್ಲೂ ಇರಲಿಲ್ಲ, ಕೋವಿಯ ಜೊತೆ ಅದನ್ನೂ ಹಡಗು ಹತ್ತಿಸಿ ಒಯ್ದಿದ್ದೆ. ಬೂಟ್ ನೋಡ್ಕಳ್ಳಾ ನಿಂಗ, ಕದ್ಗಿದ್ದಾರು, ಅಂದು ನನ್ನ ಜೊತೆಯನ್ನೂ ಅವನ ಕೈಗಿಟ್ಟೆ. ಊಂ ಕಣಣ್ಣ. ಒಳಗೆ ಗೋಡೆ ತುಂಬ ಚಿತ್ರ, ಚಿತ್ರದ ಹೆಂಗಸರು ಉಟ್ಟದ್ದು ಅಡ್ಡಪಟ್ಟೆಯ ಬಟ್ಟೆ, ಕೆಂಪು ಕಪ್ಪು ಮತ್ತೆ ಕೆಂಪು, ನೇಕಾರನ ಕಣ್ಣು ಅಲ್ಲೇ ನೆಟ್ಟಿತು, ಇದನ್ನು ಹೇಗೆ ಹಾಸು ಹೂಡಿದರೋ — ತಿರುಗಿದರೆ ಹೊರಗೆ ಒಬ್ಬ ಮುದಿ ಭಿಕ್ಷು ನಿಂಗಯ್ಯನ ಕೈಯಿಂದ ಎರಡು ಜೊತೆ ಬೂಟನ್ನೂ ಬಿಡಿಸಿ, ಚಪ್ಪಲಿಗಳ ನಡುವೆ ಇಟ್ಟು, ರಟ್ಟೆ ಹಿಡಿದು ಮೆಟ್ಟಿಲು ತೋರಿಸುತ್ತಿದ್ದಾನೆ, ಬಾ ಒಳಗೆ, ಭಾಷೆ ಬೇಕೇ ಅದಕ್ಕೆ, ನಿಂಗಯ್ಯ ಒಂದು ಕಾಲು ಮೆಟ್ಟಿಲ ಮೇಲಿಟ್ಟು ನನ್ನನ್ನು ನೋಡಿದ, ಬರೀ ನೋಡಿದ, ಊಂ ಅಂತ ನಾನು ಒಂದು ಸಲ ಕತ್ತು ಬಗ್ಗಿಸಿದ್ದರೆ ಸಾಕಿತ್ತು, ನಾನು ಗೋಡೆಯ ಕಡೆ ತಿರುಗಿಕೊಂಡೆ, ಕೆಂಪು ಕಪ್ಪು ಮತ್ತೆ ಕೆಂಪು. ಹೊರಗೆ ಬಂದಾಗ ಬೂಟಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ, ನನ್ನ ಬೂಟಿನ ದಾರ ಮಣ್ಣಾಗದ ಹಾಗೆ ಮಡಚಿ ಒಳಗೆ ಸೇರಿಸಿಟ್ಟಿದ್ದ. ಒಳ್ಗೆ ಏನೇನಿತ್ತು ದೇವಣ್ಣ? ಲಾರಿಯಲ್ಲಿ ಎಲ್ಲ ಹೇಳಿದೆ, ಬಾಯಿ ಬಿಟ್ಟು ಕೇಳಿದ, ಊರ್ಗೋದ್ಮೇಲೆ ನಮ್ಮೂರ್ ಗುಡಿಗಾದ್ರೂ ಕರ್ಕಂಡೋಗಣ್ಣ, ಊಂ ಕಣ್ಲಾ ಅಂದೆ, ಆಗಲೂ ಅಂದೆ.

ಯಳಂದೂರಿಗೆ ಓಗವ್ರೆ, ನೆಂಟ್ರ ಮನ್ಗೆ, ಬಾಗಿಲಲ್ಲಿ ರುದ್ರಾಣಿ. ಮಗ್ಗದ ಸದ್ದು ಬೀದಿ ಮೂಲೆಗಂಟ ಕೇಳ್ತಿತ್ತಲ್ಲವ್ವ. ಅದು ಮಗ ನೇಯ್ತಿದ್ದ. ಎಲ್ಡೂ ಎಣ್‌ಮಕ್ಳು ಅಂತಿದ್ರಲ್ಲ ಬುದ್ಧಿ, ಮಗ ಯಾವಾಗ ಉಟ್ದ, ಇಷ್ಟ್ ಬ್ಯಾಗ ಮಗ್ಗಕ್ಕೂ ಇಳುದ್ನ, ಸಂತೋಸ ಕಣವ್ವ. ಬರಿಗಾಲು ಕಿಟಕಿಯ ನೇರಕ್ಕೆ ಬಂದವು, ಬೂಟು ಕೆಳಗಿಳಿಯಿತು, ನಿಂಗಯ್ಯ ಕೂತ, ನಮ್ಮ ಬೀದಿಯ ನಡುವೆ, ಒಂದು ಕಾಲು ತೂರಿಸಿದ, ಇನ್ನೊಂದು, ದಾರ ಎಳೆದು ಎರಡೆರಡು ಗಂಟು ಬಿಗಿದ, ಕಿಟಕಿಯತ್ತ ಕತ್ತು ತಿರುಗಿಸಲಿಲ್ಲ, ಓಯ್ತೀನಿ ಕಣ್ ದೇವಣ್ಣ. ಬುದ್ಧಿಯಲ್ಲ, ದೇವಣ್ಣ. ಮೊಳೆ ಕಲ್ಲಿಗೆ ತಾಗುವ ಸದ್ದು, ಯಾರೋ ಯಾವನ್ಲಾ ಅವ್ನು ಅಂತ ಕೂಗಿದರು, ಸದ್ದು ನಿಲ್ಲಲಿಲ್ಲ, ಗುಡಿಯ ಕಡೆಗೆ ಹೋಯಿತು, ಈಗಲೂ ಏಳಬಹುದು, ಗುಣಿಯೇನು ಆಳವಲ್ಲ, ಸೊಂಟದವರೆಗೆ, ನನ್ನ ಬೂಟು ಅಟ್ಟದ ಮೇಲಿದೆ, ಕಾಲಿಗೆ ಹಾಕಿ ಓಡಿದರೆ ತಿರುವಿನಲ್ಲಿ ಸಿಗುತ್ತಾನೆ, ಏಳು, ಬೂಟು ತೆಗಿ, ಕೈ ಲಾಳಿ ಬಿಡುತ್ತಿಲ್ಲ, ಬೂಟಿನ ದಾರ, ಮಣ್ಣಾಗದ ಹಾಗೆ ಮಡಚಿ ಒಳಗಿಟ್ಟ ದಾರ, ಒಳಗಿಟ್ಟ ದಾರ —